ನೂರು ಸಲ ಹೇಳಿದ ಮಾತು
(ರಾಮದುರ್ಗ: ಜುಮಾ ಖುತ್ಬಾದ ಸಾರಾಂಶ)





"ನಿನಗ ನೂರ ಸಲ ಹೇಳೀನಿ" ಎಂದು ತಾಯಿ ಮಗನನ್ನು ಗದರುತ್ತಾಳೆ. ಸಂತೆಯಿಂದ ಬಂದವನು "ಬಿಸಲಾಗ ಸುಟ್ಟ ಹೋದೆ" ಎನ್ನುತ್ತಾನೆ. ಇವೆಲ್ಲ ಸುಳ್ಳಿನ ಲೆಕ್ಕಕ್ಕೆ ಸೇರುತ್ತವೆಯೇ ಎಂದು ಕೆಲವು ಯುವಕರು ಕೇಳುತ್ತಾರೆ.

ಸೂರಃ ಅಲ್ ಅಹ್‌ಝಾಬ್ ತೆರೆದು ನೋಡಿ. ಕಂದಕ ಯುದ್ಧದ ದಿನಗಳನ್ನು ವರ್ಣಿಸುವ 10ನೇ ವಚನವು, ಭಯದಿಂದ ಹೃದಯಗಳು ಗಂಟಲಿಗೆ ಬಂದವೆಂದು ಹೇಳುತ್ತದೆ. ನಾವು 'ಜೀವ ಬಾಯಿಗೆ ಬಂತು' ಎನ್ನುವುದಿಲ್ಲವೇ, ಹಾಗೆಯೇ. ಅದೇ ಸೂರಃದ 70ನೇ ವಚನವು ನೇರವಾದ ಮಾತನ್ನಾಡಲು ಆಜ್ಞಾಪಿಸುತ್ತದೆ. ಕೇಳುವವನು ಮೋಸಹೋಗದಿದ್ದರೆ ಉತ್ಪ್ರೇಕ್ಷೆಯಿಂದ ಮಾತಿನ ನೇರತನ ಕೆಡುವುದಿಲ್ಲ.

ಇಮಾಮ್ ಗಝ್ಝಾಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಹಲವು ಸಲ ಹೇಳಿದವನು 'ನೂರು ಸಲ' ಎಂದರೆ, ಎಣಿಕೆ ನೂರು ಮುಟ್ಟದಿದ್ದರೂ ಪಾಪವಿಲ್ಲ. ಒಂದೇ ಸಲ ಹೇಳಿ ನೂರು ಎಂದರೆ ಅದು ಸುಳ್ಳು. ತಾಯಂದಿರು ಈ ವಿಷಯದಲ್ಲಿ ಅಂಜಬೇಕಾಗಿಲ್ಲ ಬಿಡಿ, ಅವರ ಎಣಿಕೆ ಎಂದೋ ನೂರು ದಾಟಿರುತ್ತದೆ.

ನಮ್ಮದು ನೇಕಾರರ ಊರು. ಅಂಗಡಿಯವನು "ಈ ಸೀರಿ ಹರಿಯೂದ ಇಲ್ರಿ" ಎಂದರೆ ಗಿರಾಕಿ ನಗುತ್ತಾಳೆ. "ಬಣ್ಣ ಬಿಡೂದಿಲ್ರಿ" ಎಂದರೆ ನಂಬಿ ದುಡ್ಡು ಕೊಡುತ್ತಾಳೆ. ಬಣ್ಣ ಬಿಡುತ್ತದೆಂದು ಗೊತ್ತಿದ್ದೂ ಹಾಗೆ ಹೇಳಿದರೆ ಅದು ವಂಚನೆ.

ಸೀರೆಯ ನಷ್ಟ ನೂರಾರು ರೂಪಾಯಿಯದು. ಆದರೆ ಸಂಬಂಧ ವಿಚಾರಿಸಲು ಹೆಣ್ಣಿನ ತಂದೆ ಬಾಗಿಲಿಗೆ ಬಂದಾಗ ನಾವು ಏನು ಹೇಳುತ್ತೇವೆ? "ಹುಡುಗ ಅಂದ್ರ ಬಂಗಾರ ನೋಡ್ರಿ." ಹುಡುಗ ಕುಡಿಯುವುದು ಓಣಿಗೆಲ್ಲ ಗೊತ್ತು. ನಮಗೆ ಅದು ಬಾಯಿಮಾತು. ಆ ತಂದೆಗೆ ಅದೇ ಸಾಕ್ಷ್ಯ. ಒಬ್ಬಳ ಬಾಳು ಆ ಮಾತಿನ ಮೇಲೆ ನಿಲ್ಲುತ್ತದೆ.

ಫಾತಿಮಾ ಬಿಂತ್ ಕೈಸ್(ರ)ರಿಗೆ ಮುಆವಿಯಾ(ರ) ಮತ್ತು ಅಬೂ ಜಹ್ಮ್(ರ) ಇಬ್ಬರಿಂದಲೂ ಮದುವೆಯ ಪ್ರಸ್ತಾಪ ಬಂದಾಗ ಅವರು ಪ್ರವಾದಿ(ಸ)ರ ಸಲಹೆ ಕೇಳಿದರು. ಅಬೂ ಜಹ್ಮ್ ಹೆಗಲಿನಿಂದ ಕೋಲು ಇಳಿಸುವುದೇ ಇಲ್ಲ, ಮುಆವಿಯಾರ ಬಳಿ ಏನೂ ಸಂಪತ್ತಿಲ್ಲ ಎಂದು ಪ್ರವಾದಿ(ಸ) ತಿಳಿಸಿದುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮಲಗುವಾಗಲಾದರೂ ಅವರು ಕೋಲು ಇಳಿಸುತ್ತಿದ್ದರಷ್ಟೆ. ಇವರಿಗೆ ಉಡಲು ಬಟ್ಟೆಯಾದರೂ ಇತ್ತಷ್ಟೆ. ಆದರೆ ಆಕೆಗೆ ತಿಳಿಯಬೇಕಾದುದು ತಿಳಿಯಿತು: ಒಬ್ಬರು ಹೆಂಡತಿಯ ಮೇಲೆ ಕೈಮಾಡುವವರು, ಇನ್ನೊಬ್ಬರು ಬಡವರು. ಉಸಾಮಾ(ರ)ರನ್ನು ವರಿಸುವಂತೆ ಪ್ರವಾದಿ(ಸ) ಸೂಚಿಸಿದರು. ಮೊದಲು ಮನಸ್ಸಿಲ್ಲದಿದ್ದರೂ ಆಕೆ ಒಪ್ಪಿದರು. ಆ ಮದುವೆಯಲ್ಲಿ ಅಲ್ಲಾಹನು ಒಳಿತನ್ನಿಟ್ಟನೆಂದೂ ತನ್ನನ್ನು ಕಂಡು ಇತರರು ಕರುಬುವಂತಾಯಿತೆಂದೂ ಮುಂದೆ ಆಕೆಯೇ ಹೇಳಿಕೊಂಡಿದ್ದಾರೆ.