ಕಡಿಯದೆ ಮರದ ವಯಸ್ಸು ತಿಳಿಯುವ ಬಗೆ



ಬದುವಿನ ಹುಣಸೆಮರ ಅಜ್ಜ ನೆಟ್ಟದ್ದೋ, ಮುತ್ತಜ್ಜ ನೆಟ್ಟದ್ದೋ ಎಂದು ಪಾಲಿನ ವೇಳೆ ಅಣ್ಣತಮ್ಮಂದಿರು ವಾದಿಸುವುದುಂಟು. ಅದಕ್ಕಾಗಿ ಗರಗಸ ಹಾಕಬೇಡಿ. ಹುಣಸೆಯಲ್ಲಿ ವರ್ಷದ ಉಂಗುರಗಳು ತೇಗದಷ್ಟು ಸ್ಪಷ್ಟವಾಗಿರುವುದಿಲ್ಲ. ಕಡಿದರೆ ಲೆಕ್ಕವೂ ಸಿಗದು, ಮರವೂ ಉಳಿಯದು.

ಹೀಗೆ ಮಾಡಿ. ನೆಟ್ಟ ವರ್ಷ ಗೊತ್ತಿರುವ, ಅಂಥದೇ ಮಣ್ಣಿನಲ್ಲಿ ಬೆಳೆದ ಇನ್ನೊಂದು ಹುಣಸೆಮರವನ್ನು ಆರಿಸಿ. ನೆಲದಿಂದ 4½ ಅಡಿ ಎತ್ತರದಲ್ಲಿ ಎರಡರ ಸುತ್ತಳತೆಯನ್ನೂ ಹಿಡಿಯಿರಿ. ಉದಾಹರಣೆಗೆ, 30 ವರ್ಷದ ಮರ 45 ಅಂಗುಲವಿದ್ದರೆ ವರ್ಷಕ್ಕೆ 1½ ಅಂಗುಲವಾಯಿತು. ನಿಮ್ಮದು 90 ಅಂಗುಲವಿದ್ದರೆ ವಯಸ್ಸು ಸುಮಾರು 60. ಇದು ಅಂದಾಜು ಮಾತ್ರ. ಮುದಿಮರ ನಿಧಾನವಾಗಿ ದಪ್ಪವಾಗುವುದರಿಂದ ನಿಜವಾದ ವಯಸ್ಸು ಇನ್ನೂ ಹೆಚ್ಚಿರಬಹುದು.

ಇಂದು ನೆಡುವ ಸಸಿಯ ವರ್ಷವನ್ನು ಬರೆದಿಡಿ. ಮೊಮ್ಮಕ್ಕಳಿಗೆ ಈ ವಾದ ತಪ್ಪೀತು.