ಗಾಳಿಯ ಕಾವಲಿನ ಕವಾಟ



ರಾಯದುರ್ಗ, ಮಡಕಶಿರಾ ಸೀಮೆಯ ಬಂಕುಗಳಿಗೆ ಬರುವ ಪೆಟ್ರೋಲ್ ಟ್ಯಾಂಕರುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಇಂಧನದ ಸಂಗ್ರಹಾಗಾರಗಳಲ್ಲಿ ಹಲವೆಡೆ ಕೊಳವೆಗಳಿಗೆ ಕಾವಲಿರುವುದು ಗಾಳಿಯಿಂದ ನಡೆಯುವ ಕವಾಟ. “ಇಂಥದ್ದನ್ನೆಲ್ಲ ಕನ್ನಡದಲ್ಲಿ ಕಲಿಸಲಾದೀತೆ?” ಎಂದು ಕೇಳುವ ಪೋಷಕರಿದ್ದಾರೆ, ಆದ್ದರಿಂದ ಇದನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡೆವು.

ಕವಾಟದೊಳಗೆ ರಂಧ್ರವುಳ್ಳ ಒಂದು ಲೋಹದ ಗುಂಡು. ರಂಧ್ರವು ಕೊಳವೆಯ ನೇರಕ್ಕೆ ಬಂದರೆ ಇಂಧನ ಹರಿಯುತ್ತದೆ. ಗುಂಡು ಕಾಲು ಸುತ್ತು ತಿರುಗಿದರೆ ನಿಲ್ಲುತ್ತದೆ. ಸಂಪೀಡಿತ ಗಾಳಿಯು ಪಿಸ್ಟನ್ನನ್ನು ತಳ್ಳಿ, ಸ್ಪ್ರಿಂಗನ್ನು ಅದುಮಿ, ಕವಾಟವನ್ನು ತೆರೆದಿಡುತ್ತದೆ. ಗಾಳಿ ತಪ್ಪಿದೊಡನೆ ಸ್ಪ್ರಿಂಗು ಮುಚ್ಚುತ್ತದೆ. ಗಾಳಿಯನ್ನು ತಡೆದಿಡುವ ಸುರುಳಿಗೆ ವಿದ್ಯುತ್ ನಿಂತರೂ, ಬೆಂಕಿಗೆ ಪ್ಲಾಸ್ಟಿಕ್ ಗಾಳಿನಳಿಕೆ ಕರಗಿದರೂ ಫಲ ಒಂದೇ. ಕರೆಂಟು ಹೋದರೆ ಮನೆಯಲ್ಲಿ ಗೊಣಗುತ್ತೇವೆ. ಇಲ್ಲಿ ಹಾಗೆ ನಿಲ್ಲುವುದೇ ರಕ್ಷಣೆ. ಥಟ್ಟನೆ ಮಾತ್ರ ಮುಚ್ಚಬಾರದು. ಹರಿವಿನ ವೇಗವೇ ಕೊಳವೆಯನ್ನು ಬಡಿಯುತ್ತದೆ.

2009ರ ಅಕ್ಟೋಬರ್ 29ರಂದು ಜೈಪುರದ ಸಂಗ್ರಹಾಗಾರವೊಂದರಲ್ಲಿ ಪೆಟ್ರೋಲ್ ಸೋರಿತು. ಆವಿ ಕವಿದು, ಕವಾಟದ ಬಳಿಗೆ ಹೋಗಿ ಸೋರಿಕೆ ನಿಲ್ಲಿಸಲು ಆಗಲಿಲ್ಲ. ಹೊತ್ತಿದ ಬೆಂಕಿಗೆ 11 ಮಂದಿ ಬಲಿಯಾದರು. ದೂರದಿಂದಲೇ ಮುಚ್ಚಬಲ್ಲ ಕವಾಟಗಳು ಬೇಕೆಂದು ತನಿಖಾ ಸಮಿತಿ ಶಿಫಾರಸು ಮಾಡಿತು.

ಇದನ್ನು ತರಗತಿಯಲ್ಲಿ ವಿವರಿಸಿದಾಗ ಒಬ್ಬ ಹುಡುಗಿ ಎದ್ದು ನಿಂತು, “ಬಹುಕಾಲ ತೆರೆದೇ ಇದ್ದು ಗುಂಡು ಕಚ್ಚಿಕೊಂಡರೆ ಸ್ಪ್ರಿಂಗು ಏನು ಮಾಡೀತು, ಮೇಡಂ?” ಎಂದಳು. ಅದಕ್ಕಾಗಿಯೇ ಅಂಥ ಕವಾಟಗಳನ್ನು ಆಗಾಗ ತುಸು ತಿರುಗಿಸಿ ಪರೀಕ್ಷಿಸುತ್ತಾರೆ. ಆ ಪಾಠವನ್ನು ನಾವು ಮರುದಿನ ಮಾಡಬೇಕಾಯಿತು.