ಪೇಟೆಯಲ್ಲಿ ಮನೆಯ ರುಚಿ

ಊರು ಬಿಟ್ಟು ಬಂದವನಿಗೆ ಹಸಿವು ಎರಡು ಬಗೆಯದು. ಒಂದು ಹೊಟ್ಟೆಯದು, ಅದನ್ನು ಯಾವ ಅನ್ನವಾದರೂ ತೀರಿಸೀತು. ಇನ್ನೊಂದು ನೆನಪಿನದು, ಅದು ತಾನು ಬಲ್ಲ ರುಚಿಯನ್ನೇ ಬೇಡುತ್ತದೆ. ದೊಡ್ಡ ನಗರದಲ್ಲಿ ಮೊದಲನೆಯ ಹಸಿವಿಗೆ ಬೀದಿ ಬೀದಿಯಲ್ಲಿಯೂ ಪರಿಹಾರವುಂಟು. ಎರಡನೆಯದಕ್ಕೆ ಪರಿಹಾರವನ್ನು ಹುಡುಕಿಯೇ ಪಡೆಯಬೇಕು. ಹುಡುಕುವುದು ಹೇಗೆ, ಹುಡುಕಿದುದು ದೊರೆಯಿತೆಂದು ತಿಳಿಯುವುದು ಹೇಗೆ ಎಂಬುದೇ ಈ ಹೊತ್ತಿನ ವಿಷಯ. ಮಾತು ಗಾಳಿಯಲ್ಲಿ ತೇಲಿಹೋಗದಂತೆ ಒಂದು ಸ್ಥಳವನ್ನು ಆಧಾರವಾಗಿಟ್ಟುಕೊಳ್ಳೋಣ. ಅದು ಬೆಂಗಳೂರಿನ ಬಸವನಗುಡಿ. ಅದರಲ್ಲಿಯೂ ಗಾಂಧಿ ಬಜಾರು ಮತ್ತು ಅದರ ಸುತ್ತಣ ಬೀದಿಗಳು.

ಬಸವನಗುಡಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಬಡಾವಣೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಹಳೆಯ ಪೇಟೆಯ ಇಕ್ಕಟ್ಟಿನಿಂದ ಬಯಲಿಗೆ ಹೊರಟ ಜನಕ್ಕೆ ಇಲ್ಲಿ ನೆಲೆ ದೊರೆಯಿತು. ಅಗಲವಾದ ಬೀದಿಗಳು, ನೆರಳು ಕೊಡುವ ಮರಗಳು, ದೊಡ್ಡ ಬಸವಣ್ಣನ ಗುಡಿ, ದೊಡ್ಡ ಗಣಪತಿ, ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ, ಇವು ಆ ಬಡಾವಣೆಯ ಲಕ್ಷಣಗಳು. ಗಾಂಧಿ ಬಜಾರಿನಲ್ಲಿ ಬೆಳಗಾಗುವುದು ಹೂವಿನ ವಾಸನೆಯಿಂದ. ಮಲ್ಲಿಗೆಯ ದಿಂಡು, ಬಾಳೆಯ ಎಲೆ, ಅವರೆಯ ಕಾಲದಲ್ಲಿ ಅವರೆಕಾಯಿಯ ರಾಶಿ, ಇವುಗಳ ನಡುವೆ ದಾರಿ ಮಾಡಿಕೊಂಡು ಹೋಗುವವನ ಮೂಗಿಗೆ ಎಲ್ಲಿಂದಲೋ ಕಾದ ಕಾವಲಿಯ ಮೇಲಿನ ತುಪ್ಪದ ಕಂಪು ಬಂದು ತಾಕುತ್ತದೆ. ಹುಡುಕಾಟವು ಅಲ್ಲಿಂದಲೇ ಮೊದಲಾಗುವುದು.

ಹೋಟಲಿಗೆ ಹೋಗುವುದನ್ನು ನಮ್ಮ ಹಿರಿಯರು ಒಳ್ಳೆಯ ನಡತೆಯೆಂದು ಎಣಿಸಿರಲಿಲ್ಲ. ದುಡ್ಡಿಗೆ ಅನ್ನವನ್ನು ಮಾರುವುದೇ ತಪ್ಪೆಂಬ ಭಾವನೆಯಿತ್ತು; ಕೊಂಡು ತಿನ್ನುವುದು ಅದಕ್ಕಿಂತ ಕೀಳೆಂಬ ಭಾವನೆಯಿತ್ತು. ಆ ಕಾಲದ ಬಡ ವಿದ್ಯಾರ್ಥಿಗೆ ಇದ್ದ ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ಏಳು ಮನೆಗಳ ಅನ್ನದಿಂದ ಎಷ್ಟೋ ಮಂದಿ ಓದಿ ದೊಡ್ಡವರಾದರು. ಆ ದಾತೃಗಳ ಪುಣ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಉಣ್ಣುವ ಹುಡುಗನ ಮನಸ್ಸನ್ನೂ ನೆನೆಯಬೇಕು. ಯಜಮಾನಿಯ ಮುಖವನ್ನು ನೋಡಿಕೊಂಡು ಕೂರಬೇಕು. ಇನ್ನೊಂದು ತುತ್ತು ಬೇಕೆಂದರೂ ಕೇಳಲು ಸಂಕೋಚ. ಮನೆಯಲ್ಲಿ ಮೈಲಿಗೆಯಾದ ದಿನ ಉಪವಾಸ. ಇಂಥವನ ಕೈಯಲ್ಲಿ ಒಂದು ಕಾಸಿದ್ದು, ಅದನ್ನು ಮೇಜಿನ ಮೇಲಿಟ್ಟು "ಇನ್ನೊಂದು ದೋಸೆ" ಎಂದು ತಲೆಯೆತ್ತಿ ಹೇಳುವಂತಾದರೆ, ಅದು ಬರಿಯ ತಿಂಡಿಯಲ್ಲ, ಅದೊಂದು ಬಿಡುಗಡೆ. ಹೋಟಲು ಈ ನಾಡಿನ ಬಡ ಹುಡುಗರಿಗೆ ಮಾಡಿದ ಉಪಕಾರವನ್ನು ನಾವು ಈ ಕಣ್ಣಿನಿಂದ ನೋಡಬೇಕು.

ಈ ಉಪಕಾರವನ್ನು ಮಾಡಿದವರಲ್ಲಿ ಕರಾವಳಿಯ ಉಡುಪಿಯ ಕಡೆಯವರು ಮೊದಲಿಗರು. ಅಲ್ಲಿ ಮಠ ದೇವಾಲಯಗಳ ಅಡುಗೆಯ ಶಿಕ್ಷಣವಿತ್ತು. ನೆಲದ ಆದಾಯ ಸಾಲದಾಗಿತ್ತು. 1923ರಲ್ಲಿ ಬಂದ ಮಹಾಪೂರವು ಎಷ್ಟೋ ಕುಟುಂಬಗಳನ್ನು ಕಂಗೆಡಿಸಿತು. ಹುಡುಗರು ಘಟ್ಟ ಹತ್ತಿ ಬಂದರು. ಪಾತ್ರೆ ತೊಳೆಯುವುದರಿಂದ ತೊಡಗಿ, ಅಡುಗೆಯವರಾಗಿ, ಕಡೆಗೆ ಒಡೆಯರಾದರು. ತಾವೇ ಮನೆಯನ್ನು ಬಿಟ್ಟು ಬಂದವರಾದುದರಿಂದ, ಮನೆಯನ್ನು ಬಿಟ್ಟು ಬಂದವನ ನಾಲಗೆ ಏನನ್ನು ಬೇಡುತ್ತದೆಂಬುದು ಅವರಿಗೆ ತಿಳಿದಿತ್ತು. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸಿನ ಮೂಲವು 1924ರಲ್ಲಿ ಮಯ್ಯ ಸೋದರರು ತೆರೆದ ಅಂಗಡಿ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ಬರುವುದು ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿಯೆಲ್ಲಿ? ಅಂಥ ಕಾಲದಲ್ಲಿ ರವೆಯನ್ನು ಮೊಸರಿನಲ್ಲಿ ಕಲಸಿ, ಒಗ್ಗರಣೆ ಕೊಟ್ಟು, ಹಬೆಯಲ್ಲಿ ಬೇಯಿಸಿ ರವೆಯ ಇಡ್ಲಿಯನ್ನು ಮಾಡಿದರೆಂದು ಆ ಮನೆಯವರು ಹೇಳುತ್ತಾರೆ. ಕೊರತೆಯಲ್ಲಿ ಹುಟ್ಟಿದ ತಿಂಡಿಯು ಸಮೃದ್ಧಿಯ ಕಾಲದಲ್ಲಿಯೂ ಉಳಿದುಕೊಂಡಿತು. 1975ರಲ್ಲಿ ತುರ್ತು ಪರಿಸ್ಥಿತಿ ಜಾರಿಗೆ ಬಂದಮೇಲೆ ತಿಂಡಿಯ ಬೆಲೆಯನ್ನು ಇಳಿಸಬೇಕೆಂಬ ಕಟ್ಟಳೆಯಾಯಿತು. ಬೆಲೆಯ ಜೊತೆಗೆ ಗುಣವನ್ನೂ ಇಳಿಸಲೊಲ್ಲದೆ ಅವರು ಕೆಲವು ಕಾಲ ಹೋಟಲನ್ನೇ ಮುಚ್ಚಿ, ಹಿಟ್ಟು ಪುಡಿಗಳ ವ್ಯಾಪಾರದಿಂದ ಕೆಲಸದವರನ್ನು ಪೋಷಿಸಿದರು. ಅಡುಗೆಗೂ ಒಂದು ಧರ್ಮವುಂಟೆಂಬುದಕ್ಕೆ ಇದು ಸಾಕ್ಷಿ.

ಇನ್ನು ಗಾಂಧಿ ಬಜಾರಿನ ಮಧ್ಯಕ್ಕೆ ಬರೋಣ. ಇಲ್ಲಿ 1943ರಲ್ಲಿ ತೆರೆದ ಹೋಟಲಿಗೆ ವಿದ್ಯಾರ್ಥಿ ಭವನವೆಂದು ಹೆಸರು. ನ್ಯಾಷನಲ್ ಹೈಸ್ಕೂಲು, ಆಚಾರ್ಯ ಪಾಠಶಾಲೆ ಮೊದಲಾದ ವಿದ್ಯಾಶಾಲೆಗಳು ಹತ್ತಿರದಲ್ಲಿಯೇ ಇದ್ದವು. ಹೆಸರೇ ಗಿರಾಕಿ ಯಾರೆಂಬುದನ್ನು ಹೇಳುತ್ತದೆ. ಇಲ್ಲಿಯ ಮಸಾಲೆ ದೋಸೆ ಕಾಗದದಂತೆ ತೆಳುವಲ್ಲ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ತುಪ್ಪ. ಸಾಂಬಾರಿಲ್ಲ, ನೀರಾದ ಚಟ್ನಿಯನ್ನು ದೋಸೆಯ ಮೇಲೆಯೇ ಸುರಿಯುತ್ತಾರೆ. ಬಡಿಸುವವನು ತೋಳಿನ ಉದ್ದಕ್ಕೂ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಚಮತ್ಕಾರವನ್ನು ಹೊಸಬರು ಬಾಯಿ ತೆರೆದು ನೋಡುತ್ತಾರೆ. ಗೋಡೆಗಳ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳಿವೆ. ಅದು ಕೇವಲ ಅಲಂಕಾರವಲ್ಲ. ಡಿ.ವಿ.ಜಿ.ಯವರು ಬಾಳಿದುದು ಈ ಬಡಾವಣೆಯಲ್ಲಿ; ಮಾಸ್ತಿಯವರ ಮನೆಯಿದ್ದುದು ಪಕ್ಕದ ಗವಿಪುರದಲ್ಲಿ. ವಿದ್ಯೆಯೂ ತಿಂಡಿಯೂ ಇಲ್ಲಿ ನೆರೆಮನೆಯವರು.

ಅಲ್ಲಿಂದ ಸ್ವಲ್ಪ ದೂರ ನಡೆದು ಶಂಕರಪುರಕ್ಕೆ ಹೋದರೆ, ಶಂಕರಮಠದ ಸಮೀಪದಲ್ಲಿ 1965ರಲ್ಲಿ ಪ್ರಾರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ: ಪಟ್ಟಿಯು ಬಹುಮಟ್ಟಿಗೆ ಇಷ್ಟೇ. ಕುರ್ಚಿ ಮೇಜುಗಳ ಆಡಂಬರವಿಲ್ಲ. ತಟ್ಟೆಯನ್ನು ಹಿಡಿದು ಹೊರಗೆ ನಿಂತು ತಿನ್ನಬೇಕು. ಈ ಹೆಸರಿನ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ. ಹಿಂದೆ ನಮ್ಮ ಹೋಟಲುಗಳ ಹಲಗೆಗಳಲ್ಲಿ ಜಾತಿಯ ಹೆಸರು ಸಾಮಾನ್ಯವಾಗಿತ್ತು. ಎಷ್ಟೋ ಕಡೆ ಒಳಗೆ ಪಂಕ್ತಿಯೂ ಬೇರೆಯಾಗಿತ್ತು. ಕೆಲವರಿಗೆ ಬಾಗಿಲೇ ಇರಲಿಲ್ಲ. ಮನೆಯ ರುಚಿಯನ್ನು ಕೊಡುತ್ತೇವೆಂದವರು ಮನೆಯ ಗೋಡೆಗಳನ್ನೂ ಹೊತ್ತು ತಂದಿದ್ದರು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 15ನೆಯ ಅನುಚ್ಛೇದದಲ್ಲಿ ಅಂಗಡಿ ಹೋಟಲುಗಳ ಪ್ರವೇಶಕ್ಕೆ ಜಾತಿ ಮತಗಳು ಅಡ್ಡಿಯಾಗಕೂಡದೆಂದು ವಿಧಿಸಿತು. ದೇಶದ ಮೂಲಶಾಸನವೊಂದು ಹೋಟಲನ್ನು ಹೆಸರು ಹಿಡಿದು ನೆನೆದುದು ಸುಮ್ಮನೆ ಅಲ್ಲ. ಜೊತೆಯಲ್ಲಿ ತಿನ್ನಲಾರದವರು ಜೊತೆಯಲ್ಲಿ ಬಾಳುವುದು ಹೇಗೆ? ಇಂದು ಆ ಹಲಗೆಯ ಕೆಳಗೆ ಹೆಗಲಿಗೆ ಹೆಗಲು ತಾಗಿಸಿ ನಿಂತವರು ಪಕ್ಕದವನ ಕುಲವನ್ನು ಕೇಳುವುದಿಲ್ಲ. ಚಟ್ನಿಗೆ ಸ್ಥಳ ಬಿಡಿರೆಂದು ಮಾತ್ರ ಕೇಳುತ್ತಾರೆ.

ಹಾಗಾದರೆ ಇಂಥ ಸ್ಥಳವನ್ನು ಹೊಸಬನು ಗುರುತಿಸುವುದು ಹೇಗೆ? ಮೊದಲನೆಯದಾಗಿ, ತಿಂಡಿಯ ಪಟ್ಟಿಯನ್ನು ನೋಡಬೇಕು. ಪಟ್ಟಿ ಚಿಕ್ಕದಾದಷ್ಟೂ ಭರವಸೆ ಹೆಚ್ಚು. ನಾಲ್ಕೇ ಪದಾರ್ಥಗಳನ್ನು ಪ್ರತಿದಿನವೂ ಮಾಡುವವನ ಕೈ ತಪ್ಪುವುದಿಲ್ಲ. ಅವನ ಹಿಟ್ಟು ಹಳಸುವುದೂ ಇಲ್ಲ. ಎರಡನೆಯದಾಗಿ, ಪಟ್ಟಿಯನ್ನು ನೋಡದೆ ಕೂರುವವರು ಎಷ್ಟು ಮಂದಿಯೆಂದು ಎಣಿಸಬೇಕು. ಕೈಯಲ್ಲಿ ಪತ್ರಿಕೆ ಹಿಡಿದ ಮುದುಕರು ಕೇಳದೆಯೇ ಕಾಫಿಯನ್ನು ಪಡೆಯುವ ಮನೆಯಾದರೆ ಅನುಮಾನ ಬೇಡ. ಮೂರನೆಯದಾಗಿ, "ಆಗಿಹೋಯಿತು" ಎಂಬ ಮಾತಿಗೆ ಬೇಸರಪಡಬಾರದು. ಬೆಳಗಿನ ಹಿಟ್ಟು ಬೆಳಗಿಗೇ ಮುಗಿಯುವುದು ಒಳ್ಳೆಯ ಲಕ್ಷಣ; ರಾತ್ರಿ ಹುದುಗಿದ ಹಿಟ್ಟಿಗೆ ತನ್ನದೇ ಆದ ಹೊತ್ತುಂಟು. ನಾಲ್ಕನೆಯದಾಗಿ, ಕಾಫಿ. ಡಿಕಾಕ್ಷನ್ನು ಹೊಸದೋ ಮತ್ತೆ ಕಾಯಿಸಿದುದೋ ಎಂಬುದನ್ನು ಮೊದಲ ಗುಟುಕೇ ಹೇಳುತ್ತದೆ. ಕಾಫಿಯಲ್ಲಿ ಮೋಸ ಮಾಡದವನು ಬೇರೆ ಯಾವುದರಲ್ಲಿಯೂ ಮಾಡಲಾರ. ಹೋಗುವ ದಿನವನ್ನೂ ನೋಡಿಕೊಳ್ಳಬೇಕು: ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜಾ; ಭಾನುವಾರ ಬೆಳಗ್ಗೆ ಹೋದವನು ಕಾಯುವ ತಾಳ್ಮೆಯನ್ನು ಜೊತೆಗೆ ಒಯ್ಯಬೇಕು.

ಎಲ್ಲರ ಮನೆಯ ರುಚಿಯೂ ದೋಸೆ ಇಡ್ಲಿಯಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯವಲ್ಲ. ಕೋಲಾರದವನಿಗೆ ಅದು ಮುದ್ದೆ ಬಸ್ಸಾರು; ಧಾರವಾಡದ ಕಡೆಯವನಿಗೆ ಜೋಳದ ರೊಟ್ಟಿ ಎಣ್ಣೆಗಾಯಿ; ಮಂಗಳೂರಿನವನಿಗೆ ಗಂಜಿ ಮತ್ತು ಮೀನಿನ ಸಾರು. ಅವರಿಗಾಗಿ ನಗರದಲ್ಲಿ ಖಾನಾವಳಿಗಳುಂಟು, ಮಿಲಿಟರಿ ಹೋಟಲುಗಳುಂಟು. ಪದಾರ್ಥ ಬೇರೆಯಾದರೂ ಹುಡುಕುವ ಬಗೆ ಒಂದೇ, ಹುಡುಕುವವನ ಮನಸ್ಸೂ ಒಂದೇ.

ಕಡೆಯದಾಗಿ ಒಂದು ಮಾತು. ನೆನಪಿನ ರುಚಿಯನ್ನು ಹುಡುಕಿ ಹೋದವನಿಗೆ ಅದೇ ರುಚಿ ದೊರೆಯುವುದಿಲ್ಲ. ತಾಯಿಯ ಕೈಯ ಅಡುಗೆಯನ್ನು ಯಾವ ಬಾಣಸಿಗನೂ ಮಾಡಲಾರ. ಮಾಡುವೆನೆಂದು ಅವನು ಮಾತು ಕೊಟ್ಟವನೂ ಅಲ್ಲ. ಆದರೆ ಹತ್ತನೆಯ ಸಲ ಅದೇ ಮೂಲೆಯಲ್ಲಿ ಕುಳಿತಾಗ, ಬಡಿಸುವವನು ಏನು ಬೇಕೆಂದು ಕೇಳದೆಯೇ ತಟ್ಟೆಯನ್ನು ತಂದಿಟ್ಟರೆ, ಆ ದಿನ ನಮಗೆ ಆ ಊರಿನಲ್ಲಿ ಒಂದು ಮನೆಯಾಯಿತೆಂದು ತಿಳಿಯಬಹುದು. ಆ ತಟ್ಟೆಯನ್ನು ತಂದವನೂ ಎಲ್ಲಿಯೋ ಒಂದು ಮನೆಯನ್ನು ಬಿಟ್ಟು ಬಂದವನೇ. ಏಳುವ ಮುನ್ನ ಅವನ ಊರು ಯಾವುದೆಂದು ಒಂದು ಮಾತು ಕೇಳಿ.